ಕಾಳು ಹಾಕಿದರೆ ಪಾರಿವಾಳ, ನೀರಿಟ್ಟರೆ ರಾಜಹಕ್ಕಿ

ಹಿತ್ತಲಲ್ಲಿ ತಟ್ಟೆ ತೂಗುಹಾಕಿ ಕಾಳು ಸುರಿದರೆ ಬರುವುದು ಪಾರಿವಾಳ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಹಾಕುವ ಹಕ್ಕಿ ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಯಾವ ಫೀಡರ್ ತಗೊಂಡ್ರಿ, ಲಿಂಕ್ ಕಳಿಸಿ." ಲಿಂಕ್ ಇಲ್ಲ. ನಮ್ಮದು ಮೈಸೂರಿನ ಹಳೇ ಬಡಾವಣೆಯೊಂದರ ಮನೆ. ಹಿಂದೆ ಬಟ್ಟೆ ಒಗೆಯುವ ಕಲ್ಲು, ಒಂದು ತೆಂಗು, ಕರಿಬೇವು, ನಾಲ್ಕು ಬಾಳೆ, ಪಪ್ಪಾಯಿ, ಒಂದು ನುಗ್ಗೆ, ಕಾಂಪೌಂಡಿಗೆ ಒತ್ತಿಕೊಂಡು ತಾನೇ ಹುಟ್ಟಿದ ಗಸಗಸೆ ಮರ. ಅಷ್ಟೇ. ಇಷ್ಟಕ್ಕೇ ಬರುವ ಹಕ್ಕಿಗಳ ಜಾತಿ ಎಣಿಸಲು ಕೈಬೆರಳು ಸಾಲುವುದಿಲ್ಲ. ಅದರಲ್ಲಿ ಕಾಳಿಗೆಂದು ಬರುವವು ತುಂಬಾ ಕಡಿಮೆ.

ನನ್ನ ತಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಹಿತ್ತಲ ಕಥೆಯೇ ಬೇರೆ. ಕಂಬಕ್ಕೆ ಕೊಳವೆಯಂಥ ಫೀಡರ್ ನೇತುಹಾಕಿ ಸೂರ್ಯಕಾಂತಿ ಬೀಜ ತುಂಬುತ್ತಾನೆ. ಹಿಮ ಬಿದ್ದ ಬೆಳಿಗ್ಗೆ ಕಡುಕೆಂಪು ಕಾರ್ಡಿನಲ್, ನೀಲಿ ಜೇ, ಮುಷ್ಟಿಯಲ್ಲಿ ಹಿಡಿಯುವಷ್ಟಿರುವ ಚಿಕಡೀ ಎಲ್ಲ ಸಾಲಾಗಿ ಬರುತ್ತವೆ. ವಾಟ್ಸಾಪಿನಲ್ಲಿ ವಿಡಿಯೋ ಬರುತ್ತದೆ, ನಮ್ಮ ಹೊಟ್ಟೆ ಉರಿಯುತ್ತದೆ. ಹಳದಿ ಬಣ್ಣದ ಗೋಲ್ಡ್‌ಫಿಂಚ್ ಅಂತ ಒಂದಿದೆ, ಅದು ಆ ರಾಜ್ಯದ ರಾಜ್ಯಪಕ್ಷಿ. ಅದಕ್ಕೆ ಬೇರೆಯದೇ ಸಣ್ಣ ಸೀಳಿನ ಫೀಡರ್, ಬೇರೆಯದೇ ಕಪ್ಪು ಬೀಜ. ಅಂಗಡಿಯಲ್ಲಿ ನೈಜರ್ ಅಂತ ಮಾರುತ್ತಾರಂತೆ. ಅವನು ಒಮ್ಮೆ ಹಿಡಿಯಷ್ಟು ಬೀಜವನ್ನು ಕ್ಯಾಮೆರಾಕ್ಕೆ ಹತ್ತಿರ ತಂದು, "ಅಕ್ಕಾ, ಇದು ಏನು ಗೊತ್ತಾಯ್ತಾ ನೋಡು" ಅಂದ. ನೋಡಿದರೆ ನಮ್ಮ ಹುಚ್ಚೆಳ್ಳು! ಹುಬ್ಬಳ್ಳಿ ಕಡೆಯವರು ಗುರೆಳ್ಳು ಚಟ್ನಿಪುಡಿ ಮಾಡುತ್ತಾರಲ್ಲ, ಅದೇ. ಭಾರತ ಮತ್ತು ಇಥಿಯೋಪಿಯದಲ್ಲಿ ಬೆಳೆದದ್ದು ಅಲ್ಲಿಯವರೆಗೆ ಹೋಗಿ ಹಕ್ಕಿಗೆ ತಿಂಡಿಯಾಗುತ್ತದೆ. ಅಲ್ಲಿ ಬಿದ್ದು ಮೊಳಕೆ ಬರಬಾರದೆಂದು, ಅದರ ಜೊತೆ ಕಳೆಬೀಜ ಸೇರಿ ಹೋಗಬಾರದೆಂದು ಕಾಯಿಸಿಯೇ ಒಳಗೆ ಬಿಡುತ್ತಾರೆ. ನಾವು ಹೇಗೂ ಹುರಿದೇ ತಿನ್ನುವುದು, ಬಿಡಿ.

ಅಲ್ಲಿನ ಲೆಕ್ಕ ಇಲ್ಲಿ ಯಾಕೆ ನಡೆಯುವುದಿಲ್ಲ ಅಂದರೆ ಕಾರಣ ಸರಳ. ಅಲ್ಲಿ ಚಳಿಗಾಲದಲ್ಲಿ ಹುಳವಿಲ್ಲ, ಹೂವಿಲ್ಲ, ಮರ ಬೋಳು. ಉಳಿದ ಹಕ್ಕಿಗೆ ಬೀಜವೇ ಗತಿ. ಬೀಜ ಒಡೆದು ತಿನ್ನುವ ಗಟ್ಟಿ ಕೊಕ್ಕಿನ ಹಕ್ಕಿಗಳೂ ಅಲ್ಲಿ ಜಾಸ್ತಿ. ನಮ್ಮ ಮೈಸೂರಿನಲ್ಲಿ ಡಿಸೆಂಬರಿನಲ್ಲೂ ದಾಸವಾಳ ಅರಳಿರುತ್ತದೆ, ಒಂದಲ್ಲ ಒಂದು ಆಲವೋ ಅತ್ತಿಯೋ ಹಣ್ಣು ಬಿಟ್ಟಿರುತ್ತದೆ, ಹುಳ ಹುಪ್ಪಟೆಗಂತೂ ಬರವಿಲ್ಲ. ಹಾಗಾಗಿ ಊರೊಳಗಿನ ನಮ್ಮ ಹಕ್ಕಿಗಳಲ್ಲಿ ಹೆಚ್ಚಿನವು ಹಣ್ಣು, ಮಕರಂದ, ಹುಳ ತಿನ್ನುವವು. ಕಾಳು ತಿನ್ನುವವು ಅಂದರೆ ಗುಬ್ಬಚ್ಚಿ, ಬೆಳವ, ಪಾರಿವಾಳ, ಗಿಳಿ, ರಾಟವಾಳ, ಊರಾಚೆ ಗೀಜಗ. ಮುಗಿಯಿತು. ಈ ಪಟ್ಟಿಯಲ್ಲಿ ಪಾರಿವಾಳ ಒಂದು ಬಂತೆಂದರೆ ಉಳಿದವಕ್ಕೆ ಜಾಗವೇ ಇರುವುದಿಲ್ಲ.

ಪಾರಿವಾಳದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅದಕ್ಕೆ ನಮ್ಮ ಸಹಾಯ ಬೇಕಾಗಿಲ್ಲ. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಬಂದ ದೊಡ್ಡ ವರದಿಯಲ್ಲಿ ಸಂಖ್ಯೆ ಏರುತ್ತಿರುವ ಹಕ್ಕಿಗಳ ಸಾಲಿನಲ್ಲಿ ಕೋಗಿಲೆ, ನವಿಲಿನ ಜೊತೆ ಪಾರಿವಾಳವೂ ಇತ್ತು. ಮುಂಬೈಯಲ್ಲಿ ಪಾರಿವಾಳಕ್ಕೆ ಕಾಳು ಹಾಕುವ ಜಾಗವಾದ ದಾದರ್ ಕಬೂತರ್‌ಖಾನೆಯನ್ನು 2025ರಲ್ಲಿ ಮುಚ್ಚಿದಾಗ ಎಷ್ಟು ಗಲಾಟೆಯಾಯಿತು ನೋಡಿದ್ದೀರಲ್ಲ. ಪಾರಿವಾಳದ ಒಣಗಿದ ಹಿಕ್ಕೆಯ ಪುಡಿ ಉಸಿರಾಟಕ್ಕೆ ಒಳ್ಳೆಯದಲ್ಲ, ಆಸ್ತಮಾ ಇರುವವರ ಮನೆಯಲ್ಲಂತೂ ಇದು ಆಟದ ಮಾತಲ್ಲ. ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಪಾರಿವಾಳದ ಬಾಯಿ ಗಂಟಲಲ್ಲಿ ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿ ಇರುತ್ತದೆ. ಬ್ರಿಟನ್ನಿನಲ್ಲಿ 2005ರ ನಂತರ ಈ ರೋಗ ಗ್ರೀನ್‌ಫಿಂಚ್ ಎಂಬ ಹಕ್ಕಿಗೆ ತಗುಲಿ, ಅದರ ಸಂಖ್ಯೆ ದೊಪ್ಪನೆ ಕುಸಿಯಿತು. ಹರಡಲು ದಾರಿಯಾದದ್ದರಲ್ಲಿ ಹಿತ್ತಲಿನ ಫೀಡರುಗಳೂ ಸೇರಿದ್ದವು. ಎಂಜಲಾದ ಕಾಳನ್ನು ಒಂದು ಉಗುಳುವುದು, ಇನ್ನೊಂದು ತಿನ್ನುವುದು. ಪ್ರೀತಿಯಿಂದ ಕಾಳು ಹಾಕಿದವರ ಮನೆಯಲ್ಲೇ ಹೀಗೆ. ಅದಕ್ಕೇ ನಾನು ಹೇಳುವುದು, ದಿನವಿಡೀ ತುಂಬಿರುವ, ತೊಳೆಯದ ತಟ್ಟೆಗಿಂತ ತಟ್ಟೆ ಇಲ್ಲದಿರುವುದೇ ಮೇಲು.

ಸರಿ, ಹಾಗಾದರೆ ಏನಿಡಬೇಕು? ನೀರು.

ಹೂಕುಂಡದ ಕೆಳಗಿಡುವ ಅಗಲವಾದ ಮಣ್ಣಿನ ತಟ್ಟೆ ಇರುತ್ತದಲ್ಲ, ಅದೇ ಸಾಕು. ಅಂಚಿನಲ್ಲಿ ಅರ್ಧ ಇಂಚು, ನಡುವೆ ಎರಡು ಇಂಚು ಆಳ. ಅದಕ್ಕಿಂತ ಆಳವಾದರೆ ಸಣ್ಣ ಹಕ್ಕಿ ಇಳಿಯುವುದಿಲ್ಲ. ನಡುವೆ ಒಂದು ಚಪ್ಪಟೆ ಕಲ್ಲು ಇಡಿ, ಕಾಲೂರಲು. ಸ್ಟೀಲ್ ತಟ್ಟೆ ಬೇಡ, ಏಪ್ರಿಲ್ ಮಧ್ಯಾಹ್ನ ಅದನ್ನು ನೀವೇ ಮುಟ್ಟಿ ನೋಡಿ. ಪಾಲಿಶ್ ಹಾಕಿದ ನುಣ್ಣನೆ ಪಿಂಗಾಣಿಯೂ ಬೇಡ, ಕಾಲು ಜಾರುತ್ತದೆ. ನೆರಳಿನಲ್ಲಿಡಿ. ಹತ್ತಿರದಲ್ಲಿ ಗಿಡ ಇರಬೇಕು, ಒದ್ದೆ ರೆಕ್ಕೆಯಲ್ಲಿ ಹಾರಿಹೋಗಿ ಕೂರಲು. ಆದರೆ ತೀರಾ ಒತ್ತಿಕೊಂಡಿರಬಾರದು, ಬೆಕ್ಕು ಅಲ್ಲೇ ಬಚ್ಚಿಟ್ಟುಕೊಳ್ಳುತ್ತದೆ. ಒಂದಾಳು ಉದ್ದದಷ್ಟು ದೂರ ಇದ್ದರೆ ಸರಿ. ಸೊಳ್ಳೆ ಮೊಟ್ಟೆಯಿಟ್ಟು, ಅದು ಹುಳವಾಗಿ, ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ದಿನಾ ಬೆಳಿಗ್ಗೆ ನೀರು ಚೆಲ್ಲಿ ತೆಂಗಿನ ನಾರಿನಲ್ಲಿ ಒಮ್ಮೆ ಉಜ್ಜಿ ಹೊಸ ನೀರು ಹಾಕಿದರೆ ಡೆಂಗಿಯ ಭಯವೂ ಇಲ್ಲ, ಪಾಚಿಯೂ ಇಲ್ಲ. ಚೆಲ್ಲಿದ ನೀರು ಬಾಳೆ ಬುಡಕ್ಕೆ.

ಇದಕ್ಕೆ ಒಂದು ಉಪಾಯ ಸೇರಿಸಿದರೆ ಹಕ್ಕಿ ಇಮ್ಮಡಿ. ನಿಂತ ನೀರಿಗಿಂತ ತೊಟ್ಟಿಕ್ಕುವ ನೀರಿನ ಸದ್ದು ಅವನ್ನು ದೂರದಿಂದ ಕರೆಯುತ್ತದೆ. ಶಿವಲಿಂಗದ ಮೇಲೆ ಧಾರಾಪಾತ್ರೆ ತೂಗುಹಾಕುತ್ತಾರಲ್ಲ, ಅದೇ ರೀತಿ ಒಂದು ಹಳೇ ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ, ಬಟ್ಟೆಯ ಬತ್ತಿ ತುರುಕಿ, ತಟ್ಟೆಯ ಮೇಲೆ ಕೊಂಬೆಗೆ ಕಟ್ಟಿ. ಟಪ್, ಟಪ್ ಅಂತ ಬೀಳುತ್ತಿರಬೇಕು, ಸುರಿಯಬಾರದು. ಮೋಟಾರು, ಫೌಂಟನ್ ಯಾವುದೂ ಬೇಡ.

ಈಗ ಯಾರು ಬರುತ್ತಾರೆ ಕೇಳಿ. ಬೆಳಕು ಹರಿಯುವ ಮುಂಚೆಯೇ ಮಡಿವಾಳ ಹಕ್ಕಿ. ಕಪ್ಪು ಬಿಳಿ ಕೋಟು, ಬಾಲ ಮೇಲೆತ್ತಿಕೊಂಡು ಗತ್ತಿನಿಂದ ನೀರಿಗಿಳಿಯುತ್ತದೆ. ಬಿಸಿಲೇರಿದ ಮೇಲೆ ಬುಲ್‌ಬುಲ್ ಜೋಡಿಗಳು, ಪಿಕಳಾರ ಅನ್ನುತ್ತೇವಲ್ಲ ಅವು. ಕೆನ್ನೆಯಲ್ಲಿ ಕೆಂಪಿರುವುದೊಂದು, ಬಾಲದ ಬುಡದಲ್ಲಿ ಮಾತ್ರ ಕೆಂಪಿರುವುದು ಇನ್ನೊಂದು. ಹರಟೆಮಲ್ಲಗಳು ಬಂದರೆ ಗುಂಪಾಗಿಯೇ. ಒಂದು ನೀರಿನಲ್ಲಿ, ಎರಡು ಅಂಚಿನಲ್ಲಿ, ಉಳಿದವು ಕರಿಬೇವಿನ ಮೇಲೆ ಬೈಯುತ್ತಾ ಕಾಯುತ್ತಿರುತ್ತವೆ. ತಟ್ಟೆ ಅರ್ಧ ಖಾಲಿ. ಸಂಜೆ ನಾಲ್ಕರ ಮೇಲೆ ಬೆಳ್ಗಣ್ಣಗಳು, ಹಳದಿ ಹಸಿರು ಮೈ, ಕಣ್ಣಿನ ಸುತ್ತ ಸುಣ್ಣದಲ್ಲಿ ಬರೆದಂಥ ಉಂಗುರ. ಇವುಗಳಲ್ಲಿ ಬುಲ್‌ಬುಲ್ ಬಿಟ್ಟರೆ ಒಂದೂ ನಿಮ್ಮ ಫೀಡರಿನತ್ತ ತಿರುಗಿಯೂ ನೋಡುವುದಿಲ್ಲ. ಬುಲ್‌ಬುಲ್ ಕೂಡ ಹಣ್ಣಿಟ್ಟರೆ ಮಾತ್ರ.

ಚಳಿಗಾಲದಲ್ಲಿ ಬರುವ ರಾಜಹಕ್ಕಿಯ ಸ್ನಾನ ಬೇರೆಯದೇ. ಗಂಡಿಗೆ ತಲೆ ಮಿಂಚುಗಪ್ಪು, ಮೈ ಬಿಳಿ, ಮೈಗಿಂತ ಉದ್ದದ ಎರಡು ರಿಬ್ಬನ್ ಬಾಲ. ಹೆಣ್ಣು ಮತ್ತು ಮರಿ ಗಂಡುಗಳು ಕಂದು ಬಣ್ಣ. ಇದು ತಟ್ಟೆಯಲ್ಲಿ ಕೂರುವುದಿಲ್ಲ. ನುಗ್ಗೆ ಕೊಂಬೆಯಿಂದ ಜಾರಿದಂತೆ ಕೆಳಗಿಳಿದು, ಎದೆಯನ್ನು ನೀರಿಗೆ ಒಮ್ಮೆ ಬಡಿದು, ಅದೇ ವೇಗದಲ್ಲಿ ಮೇಲಕ್ಕೆ. ಕೊಂಬೆಯ ಮೇಲೆ ಕೂತು ಮೈ ಕೊಡವಿ, ಬಾಲದ ಒಂದೊಂದು ಗರಿಯನ್ನೂ ಕೊಕ್ಕಿನಲ್ಲಿ ಬುಡದಿಂದ ತುದಿಯವರೆಗೆ ಎಳೆದು ಸರಿಮಾಡಿಕೊಳ್ಳುತ್ತದೆ. ಆಮೇಲೆ ಮತ್ತೆ ಜಾರು. ಮೂರ್ನಾಲ್ಕು ಸಲ ಹೀಗೇ. ಬಾಲ ಮಾತ್ರ ದೇಹ ಮೇಲೆ ಬಂದ ಮೇಲೂ ನೀರಿನ ಹತ್ತಿರವೇ ಇರುತ್ತದೆ, ಆಮೇಲೆ ಎಳೆದುಕೊಂಡು ಹೋಗುತ್ತದೆ. ಮೊಬೈಲಿನಲ್ಲಿ ಇದನ್ನು ಹಿಡಿಯಲು ಹೋಗಬೇಡಿ, ಸುಮ್ನೆ ನೋಡಿ.

ಹೂವಿನ ಮಕರಂದ ಹೀರುವ ಸೂರಕ್ಕಿ, ಎಲೆ ಹೊಲಿದು ಗೂಡು ಮಾಡುವ ಟುವ್ವಿಯಂಥ ಪುಟಾಣಿಗಳಿಗೆ ತಟ್ಟೆಯೂ ದೊಡ್ಡದಾಯಿತು. ಅವಕ್ಕೆ ಒದ್ದೆ ಎಲೆ ಸಾಕು. ಗಿಡಕ್ಕೆ ಪೈಪಿನಲ್ಲಿ ನೀರು ಹಾಕುವಾಗ ಬುಡಕ್ಕಷ್ಟೇ ಬಿಡದೆ ಬಾಳೆ ಎಲೆ, ದಾಸವಾಳದ ಮೇಲೂ ಸಿಂಪಡಿಸಿ. ಸೂರಕ್ಕಿ ಬಂದು ಎಲೆಯ ಮೇಲೆ ಹೊಟ್ಟೆಯೂರಿ ಹೊರಳಾಡುತ್ತದೆ, ಜಾರಿ ಕೆಳಗಿನ ಎಲೆಗೆ ಬೀಳುತ್ತದೆ, ಅಲ್ಲೂ ಹೊರಳಾಡುತ್ತದೆ.

ನೀರಿನ ಮಹಿಮೆ ಬೇಸಿಗೆಗೆ ಮಾತ್ರ, ಬಯಲುಸೀಮೆಗೆ ಮಾತ್ರ ಅನ್ನುವವರು ಗಣೇಶಗುಡಿಗೆ ಹೋಗಬೇಕು. ದಾಂಡೇಲಿ ಹತ್ತಿರ, ಸೂಪಾ ಅಣೆಕಟ್ಟಿನ ಪಕ್ಕ. ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗವಂತೆ, ಈಗ ಓಲ್ಡ್ ಮ್ಯಾಗಝೀನ್ ಹೌಸ್ ಅಂತ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ವಸತಿ. ಸುತ್ತ ದಟ್ಟ ಕಾಡು, ಮಳೆಗೆ ಕೊರತೆಯಿಲ್ಲದ ಸೀಮೆ. ಅಂಥ ಕಡೆ ಮರದ ಕೆಳಗೆ ಇಟ್ಟಿರುವ ಸಣ್ಣ ಸಣ್ಣ ನೀರಿನ ತೊಟ್ಟಿಗಳ ಮುಂದೆ ದೇಶದ ನಾನಾ ಕಡೆಯಿಂದ ಬಂದವರು ಮೊಣಕೈ ಉದ್ದದ ಲೆನ್ಸ್ ಹಿಡಿದು ಕೂತಿರುತ್ತಾರೆ. ಕೆಂಪು ಕೊರಳಿನ ಬುಲ್‌ಬುಲ್, ಕಿತ್ತಳೆ ತಲೆಯ ನೆಲಸಿಳ್ಳಾರ, ಶಾಮ ಎಲ್ಲ ಒಂದರ ಹಿಂದೆ ಒಂದು ಇಳಿಯುತ್ತವೆ. ಕಾಡಿನ ನಡುವಿರುವ ಹಕ್ಕಿಗೇ ಚೊಕ್ಕ ನೀರಿನ ಒಂದು ತಟ್ಟೆ ಕಂಡರೆ ಇಷ್ಟು ಆಸೆ. ನಮ್ಮ ಕಾಂಕ್ರೀಟ್ ಬೀದಿಯಲ್ಲಿ ಇನ್ನೆಷ್ಟಿರಬೇಡ?

ನೀರಾದ ಮೇಲೆ ಹಣ್ಣು. ಅದರಲ್ಲೂ ಗಸಗಸೆ ಮರ. ಸಿಂಗಪುರ ಚೆರ್ರಿ ಅಂತಲೂ ಕರೆಯುತ್ತಾರೆ, ಊರು ಮಾತ್ರ ಅಮೆರಿಕ ಖಂಡದ ಬಿಸಿನಾಡು. ನಮ್ಮ ಕಡೆ ಶಾಲೆಯ ಕಾಂಪೌಂಡಿನಲ್ಲಿ ಇದರ ಹಣ್ಣು ತಿನ್ನದೆ ಬೆಳೆದವರು ಯಾರಿದ್ದಾರೆ? ನೆಡಬೇಕಾಗಿಯೂ ಇಲ್ಲ, ಹಕ್ಕಿಗಳೇ ಚರಂಡಿ ಸಂದಿಯಲ್ಲಿ, ಸಂಪಿನ ಪಕ್ಕ ಹುಟ್ಟಿಸುತ್ತವೆ. ಎರಡು ವರ್ಷದಲ್ಲಿ ತಲೆಯ ಮೇಲೆ ಕೊಡೆ ಹಿಡಿಯುತ್ತದೆ, ವರ್ಷದಲ್ಲಿ ಹೆಚ್ಚಿನ ದಿನ ಹಣ್ಣು ಇರುತ್ತದೆ. ಗೋಡೆಗೆ ತೀರಾ ಹತ್ತಿರ ಬೇಡ, ಅಷ್ಟೇ. ಕೋಗಿಲೆ, ಬುಲ್‌ಬುಲ್, ಗೊರವಂಕ, ಕಂಚುಗಾರ ಹಕ್ಕಿ ಎಲ್ಲ ಬರುತ್ತವೆ. ರಾತ್ರಿ ಬಾವಲಿಯ ಪಾಳಿ.

ಇವುಗಳಲ್ಲಿ ನನಗೆ ಜಾಸ್ತಿ ಇಷ್ಟ ಬದನಿಕೆ ಹಕ್ಕಿ. ನಮ್ಮ ದೇಶದ ಅತಿ ಸಣ್ಣ ಹಕ್ಕಿಗಳಲ್ಲಿ ಒಂದು, ಕೊಕ್ಕಿನಿಂದ ಬಾಲದವರೆಗೆ ಎಂಟು ಸೆಂಟಿಮೀಟರ್. ಬೂದು ಬಣ್ಣ, ಮೆರುಗಿಲ್ಲ, ಎಲೆಯ ನಡುವೆ ಚಿಕ್ ಚಿಕ್ ಅನ್ನುವ ಸದ್ದಿನಿಂದಲೇ ಗೊತ್ತಾಗಬೇಕು. ಗಸಗಸೆ ಹಣ್ಣು ಅದರ ತಲೆಯಷ್ಟೇ ದಪ್ಪ, ನುಂಗಲು ಆಗುವುದಿಲ್ಲ. ಹಾಗಾಗಿ ತೊಟ್ಟಿನ ಮೇಲೆ ಕೂತು, ತಲೆ ಕೆಳಗು ಮಾಡಿ, ಹಣ್ಣಿಗೆ ಒಂದು ತೂತು ಹಾಕಿ ಒಳಗಿನ ತಿರುಳನ್ನು ಹಿಂಡಿ ಹಿಂಡಿ ಕುಡಿಯುತ್ತದೆ. ಸಿಪ್ಪೆ ಖಾಲಿ ಚೀಲವಾಗಿ ಮರದಲ್ಲೇ ನೇತಾಡುತ್ತಿರುತ್ತದೆ. ಮಾವಿನ ಮರಕ್ಕೆ ಹತ್ತಿ ಅದರ ಸಾರ ಹೀರುವ ಬದನಿಕೆ ಗಿಡವನ್ನು ಹರಡುವುದೂ ಇದೇ ಆಸಾಮಿ. ಆ ಹಣ್ಣಿನ ಬೀಜ ಗೋಂದಿನಂತೆ ಅಂಟು, ಹಿಂದಿನಿಂದ ಬಂದದ್ದನ್ನು ಕೊಂಬೆಗೆ ಒರೆಸಿ ಹೋಗುತ್ತದೆ, ಅಲ್ಲೇ ಮೊಳಕೆ. ತೋಟದವರು ಬೈಯುತ್ತಾರೆ, ನ್ಯಾಯವೇ.

ಪಪ್ಪಾಯಿಯ ಮೇಲಿನ ಒಂದೆರಡು ಹಣ್ಣನ್ನು ಮರದಲ್ಲೇ ಬಿಡಿ. ಕುಟ್ರುಹಕ್ಕಿ ಬಂದೇ ಬರುತ್ತದೆ. ಇಡೀ ಮಧ್ಯಾಹ್ನ ಕುಟ್ರೂ ಕುಟ್ರೂ ಅಂತ ಕೂಗಿ ತಲೆ ತಿನ್ನುವ, ಎಲೆಯ ನಡುವೆ ಎಷ್ಟು ಹುಡುಕಿದರೂ ಕಾಣದ ಹಸಿರು ಹಕ್ಕಿ ಇಲ್ಲಿ ಕೈಗೆಟುಕುವ ದೂರದಲ್ಲಿ ಕಾಣುತ್ತದೆ. ದಪ್ಪ ಕೊಕ್ಕು, ಅದರ ಬುಡದಲ್ಲಿ ಮೀಸೆಯಂಥ ಗಡುಸು ಕೂದಲು, ಕೆನ್ನೆಯಲ್ಲಿ ಬಿಳಿ ಪಟ್ಟೆ. ಮೊದಲ ದಿನ ಬಟ್ಟಲಿನಷ್ಟು ಗುಂಡಿ. ಮರುದಿನ ತಲೆ ಒಳಗೆ. ಆಮೇಲೆ ಬರಿ ಬಾಲ ಮಾತ್ರ ಹೊರಗೆ, ಅದರ ಹಿಂದೆ ಅಳಿಲು ತನ್ನ ಸರದಿಗೆ ಕಾಯುತ್ತಿರುತ್ತದೆ. ಬಾಳೆಯ ಮೂತಿಯನ್ನೂ ಬೇಗ ಕತ್ತರಿಸಬೇಡಿ. ಪಲ್ಯದ ಆಸೆ ನನಗೂ ಇದೆ, ಆದರೆ ಒಂದಾದರೂ ಇರಲಿ. ಸೂರಕ್ಕಿ ಆ ನೇರಳೆ ಪಕಳೆಗೆ ತಲೆಕೆಳಗಾಗಿ ನೇತುಬಿದ್ದು ಒಂದೊಂದು ಹೂವಿಗೂ ಕೊಕ್ಕು ಹಾಕುತ್ತದೆ.

ಸಕ್ಕರೆ ನೀರಿನ ಫೀಡರ್ ಬಗ್ಗೆ ಕೇಳುತ್ತಾರೆ. ಅಮೆರಿಕದ ಹಮ್ಮಿಂಗ್‌ಬರ್ಡ್‌ಗೆ ಮಾಡಿದ್ದು ಅದು. ನಮ್ಮ ಸೂರಕ್ಕಿಗೆ ದಾಸವಾಳ, ನುಗ್ಗೆ ಹೂ, ರತ್ನಗಂಧಿ, ಹೆಮೇಲಿಯ ಇದ್ದರೆ ಸಾಕು. ಹೆಮೇಲಿಯ ಅಂದರೆ ಕಿತ್ತಳೆ ಬಣ್ಣದ ಸಣ್ಣ ಕೊಳವೆ ಹೂವಿನ ಗಿಡ, ನರ್ಸರಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಹೂವು ಸೂರಕ್ಕಿಗೆ, ಆಮೇಲಿನ ಕಪ್ಪು ಕಾಯಿ ಬುಲ್‌ಬುಲ್‌ಗೆ. ಬಿಸಿಲಿಗೆ ಹುಳಿ ಬರುವ ಸಕ್ಕರೆ ನೀರನ್ನು ದಿನಾ ತೊಳೆದು ತುಂಬುವ ತಾಳ್ಮೆ ಯಾರಿಗಿದೆ? ಇರುವೆ ಬೇರೆ.

ಕರಿಬೇವಿನ ಹಣ್ಣು ಮರೆತೆ. ಮಳೆ ಹಿಡಿಯುವ ಹೊತ್ತಿಗೆ ಗೊಂಚಲು ಗೊಂಚಲು ಕಪ್ಪಾಗುತ್ತದೆ. ಹೆಣ್ಣು ಕೋಗಿಲೆ, ಅದೇ ಕಂದು ಮೈ ತುಂಬ ಬಿಳಿ ಚುಕ್ಕೆ ಇರುವುದು, ಆಗ ಎದುರಿಗೆ ಕಾಣುತ್ತದೆ. ಒಗ್ಗರಣೆಗೆಂದು ವರ್ಷಪೂರ್ತಿ ಕಿತ್ತು ಬೋಳಿಸಿದ ಗಿಡದಲ್ಲಿ ಹೂವೂ ಇಲ್ಲ, ಹಣ್ಣೂ ಇಲ್ಲ. ಒಂದು ಕೊಂಬೆ ಬಿಡಿ.

ಈಗ ಮನೆಯಲ್ಲಿ ಜಗಳ ತರುವ ವಿಷಯ: ಕಸ. ನಾನು ಬಾಳೆ ಬುಡದಲ್ಲಿ, ಕಾಂಪೌಂಡಿನ ಮೂಲೆಯಲ್ಲಿ ಉದುರಿದ ಎಲೆ ಗುಡಿಸುವುದಿಲ್ಲ. ನಮ್ಮತ್ತೆಗೆ ಇದು ಕಣ್ಣಿಗೆ ಚುಚ್ಚಿದ ಮುಳ್ಳು. "ಹಿತ್ಲಲ್ಲಿ ಇಷ್ಟು ಕಸ ಇಟ್ಕೊಂಡು ಹಕ್ಕಿ ನೋಡ್ತೀಯಲ್ಲಮ್ಮಾ, ಹಾವು ಬಂದ್ರೆ ಏನ್ಮಾಡ್ತೀಯ?" ಅನ್ನುತ್ತಾರೆ. "ಇಲಿ ಇದ್ರೆ ತಾನೇ ಅತ್ತೆ ಹಾವು, ನಾನು ಕಾಳು ಚೆಲ್ಲಿಲ್ಲವಲ್ಲ" ಅಂತ ನಾನು. ಒಪ್ಪಂದಕ್ಕೆ ಬಂದಿದ್ದೇವೆ, ನಡೆಯುವ ದಾರಿ, ಕಲ್ಲಿನ ಸುತ್ತ ಚೊಕ್ಕ, ಮೂಲೆ ನನ್ನದು. ಆ ಮೂಲೆಯಲ್ಲೇ ಮಡಿವಾಳ, ಹರಟೆಮಲ್ಲ, ಕೆಂಬೂತ ಎಲೆ ಮಗುಚಿ ಹುಳ ಹೆಕ್ಕುವುದು. ಅಕ್ಟೋಬರಿನಲ್ಲಿ ಅದೃಷ್ಟವಿದ್ದರೆ ನವರಂಗ. ಮುಂಗಾರಿನಲ್ಲಿ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆ ಮರಿ ಮಾಡಿ, ರಾತ್ರಿ ಹೊತ್ತು ಹಾರುತ್ತಾ ದಕ್ಷಿಣಕ್ಕೆ ಬರುವ ಹಕ್ಕಿ ಅದು. ದಣಿದು ಊರೊಳಗಿನ ಯಾವುದೋ ಹಿತ್ತಲಿಗೆ ಇಳಿದುಬಿಡುತ್ತದೆ. ಮೈಮೇಲೆ ಅಷ್ಟು ಬಣ್ಣ ಇದ್ದರೂ ಒಣಗಿದ ಎಲೆಯ ನಡುವೆ ನಿಂತರೆ ಪಕ್ಕನೆ ಕಾಣುವುದಿಲ್ಲ. ಸಿಮೆಂಟ್ ಹಾಕಿದ ಹಿತ್ತಲಲ್ಲಿ ಅದಕ್ಕೆ ತಿನ್ನಲು ಏನಿದೆ ಹೇಳಿ?

ಹುಳದ ಮಾತು ಬಂತಲ್ಲ, ಔಷಧಿ ಹೊಡೆಯಬೇಡಿ. ಅವರೆ ಬಳ್ಳಿಗೆ ಹೇನು ಬಂದರೆ ಬೆಳ್ಗಣ್ಣ, ಟುವ್ವಿ ನೋಡಿಕೊಳ್ಳುತ್ತವೆ. ಪೂರ್ತಿ ಹೋಗುವುದಿಲ್ಲ, ಆದರೆ ನಮಗೇನು ಅವರೆ ಮಾರಿ ಸಾಲ ತೀರಿಸಬೇಕಾ? ನುಗ್ಗೆಯ ಒಣಗಿದ ಕೊಂಬೆ ಯಾರ ತಲೆ ಮೇಲೂ ಬೀಳುವ ಹಾಗಿಲ್ಲದಿದ್ದರೆ ಅದೂ ಇರಲಿ. ಕಂಚುಗಾರ ಹಕ್ಕಿ, ಕುಟ್ರು ಎರಡೂ ಅಂಥ ಮೆತ್ತನೆ ಮರ ಕೊರೆದೇ ಗೂಡು ಮಾಡುವುದು.

ಇಷ್ಟೆಲ್ಲ ಕೇಳಿಯೂ ಕೆಲವರು ಅನ್ನುತ್ತಾರೆ, ಇಲ್ಲ, ನಮಗೆ ಗುಬ್ಬಚ್ಚಿಯೇ ಬೇಕು. ಸರಿ. ಮಾರ್ಚ್ 20 ಗುಬ್ಬಚ್ಚಿ ದಿನ, ಆ ದಿನ ಎಲ್ಲರೂ ಮರದ ಪೆಟ್ಟಿಗೆ ಕೊಳ್ಳುತ್ತಾರೆ, ಏಪ್ರಿಲಿಗೆ ಮರೆಯುತ್ತಾರೆ. 2020ರಲ್ಲಿ ಬಂದ ದೇಶಮಟ್ಟದ ವರದಿಯ ಪ್ರಕಾರ ಗುಬ್ಬಚ್ಚಿ ಒಟ್ಟಾರೆ ದೇಶದಲ್ಲಿ ಸುಮಾರಾಗಿ ಹಾಗೇ ಇದೆ, ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಕಡಿಮೆಯಾಗಿದೆ. ನಿಮ್ಮ ಬೀದಿಯ ದಿನಸಿ ಅಂಗಡಿಯ ಹತ್ತಿರವೋ ಹಳೇ ಹೆಂಚಿನ ಮನೆಯಲ್ಲೋ ಈಗಾಗಲೇ ಗುಬ್ಬಚ್ಚಿ ಇದ್ದರೆ ನಿಮ್ಮಲ್ಲಿಗೂ ಬರುತ್ತದೆ. ಒಂದೂ ಇಲ್ಲದ ಬಡಾವಣೆಗೆ ಪೆಟ್ಟಿಗೆ ನೋಡಿ ದೂರದಿಂದ ಹುಡುಕಿಕೊಂಡು ಬರುವುದಿಲ್ಲ. ಪೆಟ್ಟಿಗೆಯ ತೂತು 32 ಮಿಲಿಮೀಟರ್ ಇರಲಿ, ಗೊರವಂಕ ನುಗ್ಗಲಾಗದಷ್ಟು. ಮಧ್ಯಾಹ್ನದ ಬಿಸಿಲು ಬೀಳದ ಕಡೆ ಸೂರಿನ ಕೆಳಗೆ ಕಟ್ಟಿ. ಮತ್ತೆ ನೆನಪಿರಲಿ, ಗುಬ್ಬಚ್ಚಿ ತಾನು ಕಾಳು ತಿಂದರೂ ಮರಿಗೆ ಹುಳ ತಿನ್ನಿಸುತ್ತದೆ. ಅಲ್ಲಿಗೆ ಮತ್ತೆ ಆ ಕಸದ ಮೂಲೆಗೇ ಬಂದೆವು.

ಕಾಳು ಹಾಕುವುದಾದರೆ ಸಣ್ಣ ಕಾಳು. ನವಣೆ, ಸಾಮೆ, ಸಜ್ಜೆ. ಅಕ್ಕಿ ನುಚ್ಚೂ ಆಗಬಹುದು, ಹಸಿ ಅಕ್ಕಿ ಹೊಟ್ಟೆಯಲ್ಲಿ ಊದಿ ಹಕ್ಕಿ ಸಾಯುತ್ತದೆ ಅನ್ನುವುದು ಸುಳ್ಳು ಸುದ್ದಿ. ಆಗಬಾರದ್ದು ಬ್ರೆಡ್ಡು, ಮಿಕ್ಸ್ಚರು, ಉಪ್ಪು ಹಾಕಿದ ಯಾವುದೂ. ಪಾರಿವಾಳ ತಪ್ಪಿಸಲು ಹಳೇ ಕಾಲದ ಉಪಾಯವೇ ಸರಿ: ಭತ್ತದ ತೆನೆ ಅಥವಾ ನವಣೆ ತೆನೆಯನ್ನು ಕಟ್ಟು ಕಟ್ಟಿ ಜಂತಿಗೆ ನೇತುಹಾಕುವುದು. ತೂಗಾಡುವ ತೆನೆಗೆ ಗುಬ್ಬಚ್ಚಿ, ಚುಕ್ಕೆ ರಾಟವಾಳ ಅಂಟಿಕೊಂಡು ತಿನ್ನುತ್ತವೆ. ಪಾರಿವಾಳಕ್ಕೆ ಆ ಸರ್ಕಸ್ ಬರುವುದಿಲ್ಲ. ಕೆಳಗೆ ನಿಂತು ಉದುರಿದ್ದು ಹೆಕ್ಕುತ್ತದೆ, ಹೆಕ್ಕಲಿ. ತಟ್ಟೆಯಲ್ಲೇ ಇಡುವುದಾದರೆ ಮಧ್ಯಾಹ್ನದೊಳಗೆ ಖಾಲಿಯಾಗುವಷ್ಟೇ ಇಟ್ಟು, ಸಂಜೆ ತೊಳೆದು ಬೋರಲು ಹಾಕಿ. ಇಲ್ಲದಿದ್ದರೆ ರಾತ್ರಿ ಬರುವವರು ಬೇರೆ. ಅತ್ತೆ ದಿನಾ ಕಾಗೆಗೆ ಒಂದು ತುತ್ತು ಅನ್ನ ಇಡುತ್ತಾರೆ, ಅದು ಕಾಂಪೌಂಡ್ ಗೋಡೆಯ ಮೇಲೆ, ಹಿತ್ತಲಿನಿಂದ ದೂರ. ಕಾಗೆ ಇರುವ ಕಡೆ ಸಣ್ಣ ಹಕ್ಕಿಯ ಮೊಟ್ಟೆ ಉಳಿಯುವುದು ಕಷ್ಟ.

ಕೋತಿಗಳಿಗೆ ಮಾತ್ರ ನನ್ನಲ್ಲಿ ಪರಿಹಾರವಿಲ್ಲ. ಬಂದರೆ ತಟ್ಟೆ ಒಳಗೆ, ನಾವೂ ಒಳಗೆ. ನ್ಯೂಜೆರ್ಸಿಯಲ್ಲೂ ಕಾಡಿನ ಅಂಚಿನ ಮನೆಯವರಿಗೆ ಕರಡಿ ಬರುತ್ತದೆ ಫೀಡರ್ ತೆಗೆಯಿರಿ ಅನ್ನುತ್ತಾರಂತೆ, ಅದಕ್ಕಿಂತ ವಾಸಿ. ಬಿಜ್ಜು ಎಂಬ ಸಣ್ಣ ಗಿಡುಗ ಬಂದು ಒಂದು ಬುಲ್‌ಬುಲ್ ಎತ್ತಿಕೊಂಡು ಹೋದರೆ ಬೇಜಾರು ಮಾಡಿಕೊಳ್ಳಬೇಡಿ, ಅದೂ ಹಕ್ಕಿಯೇ, ಅದೂ ನಿಮ್ಮ ಪಟ್ಟಿಗೆ ಸೇರುತ್ತದೆ. ಕಾರಿನ ಕನ್ನಡಿಯಲ್ಲಿ ತನ್ನನ್ನೇ ಕಂಡು ಕಚ್ಚಾಡುವ ಸೂರಕ್ಕಿ ಇದ್ದರೆ ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿ, ಇಲ್ಲದಿದ್ದರೆ ಬೆಳಗಿನಿಂದ ಸಂಜೆತನಕ ಅದಕ್ಕೆ ಅದೇ ಕೆಲಸ.

ಪಟ್ಟಿ ಅಂದೆನಲ್ಲ, ಫೆಬ್ರವರಿಯಲ್ಲಿ ಹಿತ್ತಲ ಹಕ್ಕಿ ಎಣಿಸುವ ನಾಲ್ಕು ದಿನದ ಕಾರ್ಯಕ್ರಮ ಇದೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ಅಮೆರಿಕದಲ್ಲಿ 1998ರಿಂದ, ನಮ್ಮಲ್ಲಿ 2013ರಿಂದ ನಡೆಯುತ್ತಿದೆ. ಕಾಫಿ ಲೋಟ ಹಿಡಿದು ಹದಿನೈದು ನಿಮಿಷ ಕೂತು ಕಂಡದ್ದನ್ನೆಲ್ಲ ಹಕ್ಕಿ ಪಟ್ಟಿ ಸೇರಿಸುವ ಜಾಲತಾಣ ಇ-ಬರ್ಡ್‌ಗೆ ಹಾಕುವುದು, ಅಷ್ಟೇ. ಹೆಸರು ಗೊತ್ತಾಗದಿದ್ದರೆ ಮರ್ಲಿನ್ ಆ್ಯಪ್ ಕೂಗು ಕೇಳಿಸಿಕೊಂಡು ಹೇಳುತ್ತದೆ. ಪೂರ್ತಿ ನಂಬಬೇಡಿ, ಕಣ್ಣಲ್ಲಿ ಕಂಡ ಮೇಲೆಯೇ ಬರೆದುಕೊಳ್ಳಿ.

ಕೊನೆಗೆ ಅಪಾರ್ಟ್‌ಮೆಂಟಿನವರು. ಹಿತ್ತಲೇ ಇಲ್ಲ, ನಾವೇನು ಮಾಡೋಣ ಅಂತ ಬೆಂಗಳೂರಿನ ಗೆಳತಿಯರೆಲ್ಲ ಕೇಳುತ್ತಾರೆ. ಎರಡು ದೊಡ್ಡ ಕುಂಡ ಸಾಕು. ಒಂದರಲ್ಲಿ ಹೆಮೇಲಿಯ, ಇನ್ನೊಂದರಲ್ಲಿ ಅಗಲ ಎಲೆಯ ಯಾವುದಾದರೂ ಗಿಡ, ಟುವ್ವಿ ಎರಡು ಎಲೆ ಹೊಲಿದು ಗೂಡು ಮಾಡಿದರೂ ಮಾಡಬಹುದು. ನಾಲ್ಕನೇ ಮಹಡಿಯವರೆಗೂ ಸೂರಕ್ಕಿ ಬರುವುದನ್ನು ನಾನೇ ನೋಡಿದ್ದೇನೆ. ಕಾಳು ಮಾತ್ರ ಬೇಡ, ಒಂದು ಹಿಡಿ ಹಾಕಿದರೆ ಇಡೀ ಬ್ಲಾಕಿನ ಪಾರಿವಾಳ ನಿಮ್ಮ ಎಸಿಯ ಮೇಲೆ ಸಂಸಾರ ಹೂಡುತ್ತದೆ, ಅಸೋಸಿಯೇಶನ್ ಮೀಟಿಂಗಿನಲ್ಲಿ ನಿಮ್ಮ ಹೆಸರೇ ಮೊದಲು ಬರುತ್ತದೆ. ಈಗಾಗಲೇ ಪಾರಿವಾಳದ ಬಲೆ ಹಾಕಿಸಿದ್ದರೆ ಹೂ ಬಿಡುವ ಕೊಂಬೆಗಳು ಬಲೆಯಿಂದ ಆಚೆಗೆ ಚಾಚುವ ಹಾಗೆ ಕುಂಡ ಇಡಿ, ಸೂರಕ್ಕಿ ಹೊರಗಿನಿಂದಲೇ ಹೀರಿಕೊಂಡು ಹೋಗುತ್ತದೆ. ನೀರಿನ ತಟ್ಟೆಯನ್ನು ಗ್ರಿಲ್ಲಿಗೆ ಇಡುವುದಾದರೆ ತಂತಿಯಲ್ಲಿ ಬಿಗಿಯಾಗಿ ಕಟ್ಟಿ, ಕೆಳಗೆ ಯಾರ ಕಾರು ನಿಂತಿರುತ್ತದೋ ಯಾರಿಗೆ ಗೊತ್ತು.